ಹಳೆಯ ಪಿಕಪ್‌ಗೆ ಏರ್ ಬ್ಯಾಗ್: ಸ್ಪ್ರಿಂಗಿನ ಬದಲಿಗೋ, ಸ್ಪ್ರಿಂಗಿನ ಒಳಗೋ?

ನನ್ನ 1971ರ ಷೆವ್ರೊಲೆ ಸಿ-10 ಪಿಕಪ್‌ನ ಹಿಂಭಾಗಕ್ಕೆ ಎರಡು ಬಗೆಯ ಏರ್ ಬ್ಯಾಗ್‌ಗಳನ್ನು (ಅಪಘಾತದಲ್ಲಿ ಉಬ್ಬುವ ಚೀಲವಲ್ಲ, ಸ್ಪ್ರಿಂಗಿನಂತೆ ಗಾಡಿಯ ಭಾರ ಹೊರುವ ಗಾಳಿಚೀಲ) ಒಂದಾದ ಮೇಲೊಂದರಂತೆ ನಾನೇ ಕೂರಿಸಿ ಓಡಿಸಿದ್ದೇನೆ. ಮೊದಲನೆಯದು ಕಾಯಿಲ್ ಸ್ಪ್ರಿಂಗನ್ನೇ ತೆಗೆದು ಆ ಜಾಗದಲ್ಲಿ ನಿಲ್ಲಿಸುವ, ಎರಡು ಉಬ್ಬುಗಳಿರುವ ದಪ್ಪ ರಬ್ಬರ್ ಬ್ಯಾಗ್. ಎರಡನೆಯದು ಸ್ಪ್ರಿಂಗನ್ನು ಹಾಗೆಯೇ ಉಳಿಸಿಕೊಂಡು ಅದರ ಸುರುಳಿಯೊಳಗೆ ತೂರಿಸುವ, ಕೊಳವೆಯಾಕಾರದ ಚಿಕ್ಕ ಬ್ಯಾಗ್. ಈಗ ಗಾಡಿಯಲ್ಲಿರುವುದು ಎರಡನೆಯದು, ಅದನ್ನು ಬದಲಿಸುವ ಯೋಚನೆ ನನಗಿಲ್ಲ. ಮೊದಲೇ ಇದನ್ನು ಕೊಂಡಿದ್ದರೆ ಸಾಕಷ್ಟು ಹಣವೂ ಹಲವು ಭಾನುವಾರಗಳೂ ಉಳಿಯುತ್ತಿದ್ದವು. ಅದೇ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಈ ಆಯ್ಕೆ ಎಲ್ಲ ಹಳೆಯ ಪಿಕಪ್‌ಗಳಿಗೂ ಇರುವುದಿಲ್ಲ. 1960ರಿಂದ 1972ರವರೆಗಿನ ಸಿ-10 ಗಾಡಿಗಳ ಹಿಂಭಾಗದಲ್ಲಿ ಸಾಮಾನ್ಯವಾಗಿ ಕಾಯಿಲ್ ಸ್ಪ್ರಿಂಗ್ ಇರುತ್ತದೆ. 1973ರ ಹೊಸ ಮಾದರಿಯಿಂದ ಅಲ್ಲಿ ಕಮಾನ್ ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್ ಬಂತು. ಕಮಾನ್ ಪಟ್ಟಿಯ ಗಾಡಿಯಾದರೆ ಚಾಸಿಗೂ ಆಕ್ಸಲ್‌ಗೂ ನಡುವೆ ಬ್ರಾಕೆಟ್ ಹಾಕಿ ಬ್ಯಾಗ್ ಕೂರಿಸುವ ಸಹಾಯಕ ಕಿಟ್ ಸಿಗುತ್ತದೆ. ಗೆಳೆಯರೊಬ್ಬರ ಫೋರ್ಡ್ ಎಫ್-100ಕ್ಕೆ ಅದನ್ನು ಕೂರಿಸುವಾಗ ನಾನು ಜೊತೆಗಿದ್ದೆ. ಅರ್ಧ ದಿನದ ಕೆಲಸ, ಅವರಿಗೆ ಈವರೆಗೆ ತೊಂದರೆಯಾಗಿಲ್ಲ, ಆ ಗಾಡಿಗೆ ಅದೇ ಸರಿ.

ಸ್ಪ್ರಿಂಗಿನ ಬದಲಿಗೆ ಬರುವ ದೊಡ್ಡ ಬ್ಯಾಗಿನ ಒಳ್ಳೆಯ ಗುಣವನ್ನು ಮೊದಲು ಹೇಳಿಬಿಡಬೇಕು. ಉಕ್ಕಿನ ಸ್ಪ್ರಿಂಗಿನ ಬಿಗಿತ ಒಂದೇ ಆಗಿರುವುದರಿಂದ, ಹೊರೆಗೆ ಹೊಂದಿಸಿದ ಸ್ಪ್ರಿಂಗ್ ಖಾಲಿ ಗಾಡಿಯನ್ನು ಕುಕ್ಕುತ್ತದೆ, ಖಾಲಿ ಗಾಡಿಗೆ ಹೊಂದಿಸಿದ್ದು ಹೊರೆ ಬಿದ್ದಾಗ ಕುಸಿಯುತ್ತದೆ. ಗಾಳಿಯ ಬ್ಯಾಗಿನಲ್ಲಿ ಹೊರೆ ಹೆಚ್ಚಿದಷ್ಟೂ ಒತ್ತಡವನ್ನು ಏರಿಸುತ್ತೇವೆ, ಒತ್ತಡ ಏರಿದಂತೆ ಬಿಗಿತವೂ ಏರುತ್ತದೆ, ಹಾಗಾಗಿ ಖಾಲಿಯಿರಲಿ ತುಂಬಿರಲಿ ಗಾಡಿ ತೂಗುವ ಲಯ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇದನ್ನು ಓದಿ ತಿಳಿಯುವುದಕ್ಕಿಂತ ಓಡಿಸಿ ತಿಳಿಯಬೇಕು. ಖಾಲಿ ಗಾಡಿ ರಸ್ತೆಯುಬ್ಬು ದಾಟುವಾಗ ಹಿಂಭಾಗ ಎಗರುವುದು ನಿಂತುಹೋದ ಆ ಮೊದಲ ಸಂಜೆ ನಾನು ಅದೇ ರಸ್ತೆಯಲ್ಲಿ ಮೂರು ಸಲ ಹೋಗಿಬಂದೆ.

ಕೂರಿಸುವ ಕೆಲಸ ಮಾತ್ರ ಅಷ್ಟು ಸರಳವಾಗಿರಲಿಲ್ಲ. ಒತ್ತಿದಾಗ ಬ್ಯಾಗ್ ಅಡ್ಡಕ್ಕೆ ಉಬ್ಬುತ್ತದೆ. ಆಗಲೂ ಅದು ಯಾವ ಲೋಹಕ್ಕೂ ತಾಗಬಾರದು, ಸೈಲೆನ್ಸರ್ ಪೈಪಿನ ಶಾಖವೂ ಅದಕ್ಕೆ ತಟ್ಟಬಾರದು. ಇದಕ್ಕಾಗಿ ನಾನು ಪೈಪನ್ನೇ ಸ್ವಲ್ಪ ಸರಿಸಬೇಕಾಯಿತು. ಗಾಡಿಯನ್ನು ತೀರ ಕೆಳಗಿಳಿಸಿದಾಗ, ಆಕ್ಸಲನ್ನು ಅಡ್ಡಕ್ಕೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡಿನಿಂದಾಗಿ ಆಕ್ಸಲ್ ಒಂದು ಪಕ್ಕಕ್ಕೆ ಸರಿದು, ಆ ಕಡೆಯ ಟಯರು ಮಡ್‌ಗಾರ್ಡಿನ ಹತ್ತಿರ ಬರುತ್ತಿತ್ತು.

ಇವೆಲ್ಲ ಒಂದು ಸಲದ ಕೆಲಸ, ಸಹಿಸಬಹುದು. ನನ್ನ ತಾಳ್ಮೆ ಕೆಡಿಸಿದ್ದು ಗಾಳಿ ಸೋರುವಿಕೆ. ರಾತ್ರಿ ಸಮನಾಗಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ನೋಡಿದರೆ ಬಲಕ್ಕೆ ವಾಲಿರುತ್ತಿತ್ತು. ಮೊದಲು ಬ್ಯಾಗಿನ ಮೇಲೆ ಅನುಮಾನ ಬಂತು. ಬಿಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಆಮೇಲೆ ಫಿಟ್ಟಿಂಗಿನ ತಿರುಪು ಮರೆಗಳನ್ನು ಒರೆಸಿ ಸೀಲಂಟ್ ಹಚ್ಚಿ ಮತ್ತೆ ಬಿಗಿದೆ. ಮರುದಿನವೂ ಗಾಡಿ ಬಲಕ್ಕೇ ವಾಲಿತ್ತು. ಆಮೇಲೆ, ಕಂಪ್ರೆಸರಿನ ಗಾಳಿಯನ್ನು ಬ್ಯಾಗುಗಳಿಗೆ ಬಿಡುವ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳ ಗೊಂಚಲನ್ನೇ ಬಿಚ್ಚಿ ಶುಚಿ ಮಾಡಿದೆ, ಅದರಿಂದಲೂ ಏನೂ ಬದಲಾಗಲಿಲ್ಲ.

ಮೂರನೆಯ ಭಾನುವಾರ, ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ (ಗಾಳಿಯ ಬಲದಲ್ಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ಯಾವತ್ತೂ ನುಸುಳಬಾರದು), ಬ್ರಷ್ಷಿನಿಂದ ಸಾಬೂನು ನೀರನ್ನು ಒಂದೊಂದೇ ಜೋಡಣೆಗೆ ಹಚ್ಚಿ, ಪ್ರತಿಯೊಂದನ್ನೂ ಒಂದೊಂದು ನಿಮಿಷ ಟಾರ್ಚ್ ಹಿಡಿದು ನೋಡಿದೆ. ಬಲ ಬ್ಯಾಗಿನ ನೆತ್ತಿಯ ಮೇಲಿರುವ, ನೈಲಾನ್ ಟ್ಯೂಬನ್ನು ಒತ್ತಿ ಸಿಕ್ಕಿಸುವ ಮೊಣಕೈಯಾಕಾರದ ಫಿಟ್ಟಿಂಗಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಕಾಣಿಸಿಕೊಂಡಿತು. ಅದು ಒಡೆಯಲಿಲ್ಲ, ನಿಧಾನವಾಗಿ ಕಡಲೆ ಕಾಳಿನಷ್ಟಾಯಿತು, ಅದರ ಪಕ್ಕದಲ್ಲಿ ಇನ್ನೊಂದು ಹುಟ್ಟಿತು. ಗಾಳಿ ಬಿಟ್ಟು ಟ್ಯೂಬನ್ನು ಹೊರಗೆಳೆದು ನೋಡಿದರೆ ಅದರ ತುದಿ ದುಂಡಗಿರಲಿಲ್ಲ, ಮೊಟ್ಟೆಯಂತೆ ಚಪ್ಪಟೆಯಾಗಿತ್ತು. ಕತ್ತರಿಸಿದ ಮುಖ ಓರೆಯಾಗಿತ್ತು, ಮೈಮೇಲೆ ಉದ್ದಕ್ಕೆ ಒಂದು ಗೀರು ಬೇರೆ. ನಾನು ಟ್ಯೂಬನ್ನು ಕಟಿಂಗ್ ಪ್ಲೇಯರ್‌ನಿಂದ ತುಂಡರಿಸಿದ್ದೆ. ಒಳಗಿರುವ ರಬ್ಬರ್ ಉಂಗುರ ಟ್ಯೂಬನ್ನು ಸುತ್ತಲೂ ಸಮನಾಗಿ ಅಪ್ಪಿ ಹಿಡಿಯಬೇಕಾದರೆ ಟ್ಯೂಬಿನ ಮೈ ದುಂಡಗೂ ನುಣುಪಾಗಿಯೂ ಇರಬೇಕೆಂಬುದು ನನಗೆ ಆಗ ಹೊಳೆಯಿತು. ಹೊಸ ಬ್ಲೇಡಿನಿಂದ ಒಂದು ಇಂಚು ನೇರವಾಗಿ ಕತ್ತರಿಸಿ, ತಳ ಮುಟ್ಟುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಜಗ್ಗಿ ನೋಡಿದೆ. ಆಮೇಲೆ ಅಲ್ಲಿ ಸೋರಲಿಲ್ಲ.

ತಪ್ಪು ನನ್ನದು, ಕಿಟ್ಟಿನದಲ್ಲ. ಆದರೂ ನಾನು ಆ ಕಿಟ್ಟನ್ನು ಬಿಡಲು ಈ ಅನುಭವವೇ ಕಾರಣವಾಯಿತು. ಸ್ಪ್ರಿಂಗೇ ಇಲ್ಲದ ಗಾಡಿಯಲ್ಲಿ ಗಾಳಿ ಹೋಯಿತೆಂದರೆ ಚಾಸಿ ನೇರವಾಗಿ ಬಂಪ್ ಸ್ಟಾಪಿನ (ಚಾಸಿ ಆಕ್ಸಲಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡಿನ) ಮೇಲೆ ಕೂರುತ್ತದೆ, ಗಾಡಿ ಮನೆಯಿಂದ ಹೊರಡುವುದಿಲ್ಲ. ಕೆಲವು ತಿಂಗಳ ನಂತರ ವಾಲ್ವ್ ಗೊಂಚಲಿನಿಂದಲೇ ಸಣ್ಣಗೆ ಗಾಳಿ ಹೋಗಲಾರಂಭಿಸಿತು, ಸಾಮಾನು ತರಲು ಹೊರಡಬೇಕಾಗಿದ್ದ ಒಂದು ಬೆಳಿಗ್ಗೆ ಫ್ಯೂಸ್ ಸುಟ್ಟು ಕಂಪ್ರೆಸರ್ ಕೂಡ ಓಡಲಿಲ್ಲ. ಆ ದಿನವೇ ಹಳೆಯ ಸ್ಪ್ರಿಂಗುಗಳನ್ನು ಮೂಲೆಯಿಂದ ಹೊರತೆಗೆದೆ.

ಸ್ಪ್ರಿಂಗಿನೊಳಗಿನ ಬ್ಯಾಗಿಗೆ ರಂಧ್ರ ಕೊರೆಯುವ ಕೆಲಸವಾಗಲಿ ಬ್ರಾಕೆಟ್ ಆಗಲಿ ಇಲ್ಲ. ಸುರುಳಿಗಳ ತುಕ್ಕನ್ನು ಚೆನ್ನಾಗಿ ಉಜ್ಜಿ ತೆಗೆದು, ಚಾಸಿಯನ್ನು ಎತ್ತಿ, ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ಬಿಚ್ಚಿ, ಬ್ರೇಕ್ ಹೋಸ್ ಜಗ್ಗದಷ್ಟು ಮಾತ್ರ ಆಕ್ಸಲನ್ನು ಇಳಿಬಿಟ್ಟರೆ ಸುರುಳಿಗಳ ನಡುವೆ ಜಾಗ ಬಿಡುತ್ತದೆ. ಬ್ಯಾಗಿನ ಗಾಳಿಯನ್ನು ಪೂರ್ತಿ ಹಿಂಡಿ ತೆಗೆದು, ಉದ್ದಕ್ಕೆ ಮಡಚಿ ಒಳಗೆ ತೂರಿಸಿದರೆ ಆಯಿತು. ಎರಡೂ ಕಡೆ ಮುಗಿಸಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಟ್ಯೂಬುಗಳನ್ನು ಈ ಸಲ ಬ್ಲೇಡಿನಿಂದಲೇ ಕತ್ತರಿಸಿದೆ.

ಎರಡು ಬ್ಯಾಗಿಗೂ ಸೇರಿಸಿ ಗಾಳಿ ತುಂಬುವ ಒಂದೇ ವಾಲ್ವ್ ಇಡಲು ಕಿಟ್ಟಿನಲ್ಲಿ ಟಿ ಜೋಡಣೆ ಕೊಟ್ಟಿರುತ್ತಾರೆ. ಅದನ್ನು ಹಾಕಬೇಡಿ. ತಿರುವಿನಲ್ಲಿ ಹೊರಬದಿಗೆ ಭಾರ ಬಿದ್ದಾಗ ಆ ಬ್ಯಾಗಿನ ಗಾಳಿ ಒಳಬದಿಯ ಬ್ಯಾಗಿಗೆ ಹರಿದುಹೋಗಿ, ಬಿಗಿ ಬೇಕಾದ ಕಡೆಯೇ ಸಡಿಲವಾಗುತ್ತದೆ. ಬೇರೆ ಬೇರೆ ವಾಲ್ವ್ ಇದ್ದರೆ, ಹೊರೆ ಒಂದೇ ಪಕ್ಕಕ್ಕೆ ಬಿದ್ದಾಗ ಆ ಕಡೆಗಷ್ಟೇ ಹೆಚ್ಚು ಗಾಳಿ ಕೊಡಲೂ ಬರುತ್ತದೆ. ನನ್ನ ಎರಡು ವಾಲ್ವ್‌ಗಳು ಹಿಂದಿನ ನಂಬರ್ ಪ್ಲೇಟಿನ ಎರಡು ಪಕ್ಕದಲ್ಲಿವೆ.

ನನ್ನ ಕಿಟ್ಟಿಗೆ ಗಾಳಿಯ ಒತ್ತಡ ಕನಿಷ್ಠ 5 ಪಿಎಸ್‌ಐ, ಗರಿಷ್ಠ 35 ಪಿಎಸ್‌ಐ ಎಂಬ ಮಿತಿ ಇದೆ. ಖಾಲಿ ಓಡಿಸುವಾಗಲೂ ಕನಿಷ್ಠಕ್ಕಿಂತ ಇಳಿಸಬಾರದು, ಇಳಿಸಿದರೆ ಬ್ಯಾಗ್ ಮಡಿಚಿಕೊಂಡು ಸುರುಳಿಗಳ ನಡುವೆ ಸಿಕ್ಕಿ ತೂತಾಗುತ್ತದೆ. ಮೊದಲ ವಾರ ದಿನಕ್ಕೆರಡು ಸಲ ಗೇಜ್ ಹಚ್ಚಿ ನೋಡಿ, ಪ್ರತಿ ಸಲವೂ ಒತ್ತಡ ಇಳಿದಿರುವುದನ್ನು ಕಂಡು ಮತ್ತೆ ಸೋರುತ್ತಿದೆಯೆಂದೇ ಹೆದರಿದ್ದೆ. ಬ್ಯಾಗ್ ಚಿಕ್ಕದಾದ್ದರಿಂದ ಗೇಜ್ ಹಚ್ಚುವಾಗ ಹೊರಹೋಗುವ ಚೂರು ಗಾಳಿಯೇ ಮುಳ್ಳಿನಲ್ಲಿ ಎದ್ದು ಕಾಣುತ್ತದೆ. ನಾಲ್ಕು ದಿನ ಮುಟ್ಟದೆ ಬಿಟ್ಟು ನೋಡಿದಾಗ ಇಳಿದದ್ದು ಒಂದು ಸಲ ನೋಡಿದಾಗ ಇಳಿಯುವಷ್ಟೇ ಆಗಿತ್ತು.

ಸವಾರಿಯ ಹಿತದಲ್ಲಿ ದೊಡ್ಡ ಬ್ಯಾಗ್ ಮುಂದಿದೆ, ಅದನ್ನು ಒಪ್ಪುತ್ತೇನೆ. ಗಾಡಿಯನ್ನು ನಿಲ್ಲಿಸಿದಾಗ ಹಿಂಭಾಗ ನೆಲಕ್ಕೆ ತಗ್ಗಿ ಕಾಣಬೇಕೆಂಬ ಆಸೆಯಿದ್ದವರಿಗೆ ಸ್ಪ್ರಿಂಗಿನೊಳಗಿನ ಬ್ಯಾಗ್ ಪ್ರಯೋಜನವಿಲ್ಲ. ಎರಡರಲ್ಲಿ ಯಾವುದನ್ನು ಹಾಕಿದರೂ ತಯಾರಕರು ನಿಗದಿಪಡಿಸಿದ ಒಟ್ಟು ಭಾರದ ಮಿತಿ ಏರುವುದಿಲ್ಲ, ಏಕೆಂದರೆ ಆಕ್ಸಲ್, ಬ್ರೇಕು, ಟಯರುಗಳು ಹಳೆಯವೇ.

ನನ್ನ ಗಾಡಿ ವಾರಕ್ಕೊಮ್ಮೆ ಹೊರಡುತ್ತದೆ, ತಿಂಗಳಿಗೊಂದೆರಡು ಸಲ ಹೊರೆ ಹೊರುತ್ತದೆ. ಉಳಿದ ದಿನಗಳಲ್ಲಿ ಅದು ಕರೆದ ತಕ್ಷಣ ಹೊರಡಬೇಕೆಂಬುದಷ್ಟೇ ನನ್ನ ಅಪೇಕ್ಷೆ. ಕಂಪ್ರೆಸರ್, ಟ್ಯಾಂಕ್, ವಾಲ್ವ್, ವೈರಿಂಗಿಗೆ ನಾನು ಕೊಟ್ಟದ್ದು ಆ ದೊಡ್ಡ ಬ್ಯಾಗುಗಳ ಬೆಲೆಗಿಂತ ಹೆಚ್ಚು. ಈ ಚಿಕ್ಕ ಬ್ಯಾಗುಗಳಿಗೆ ಕಾಲಿನಿಂದ ತುಳಿಯುವ ಪಂಪೇ ಸಾಕು. ಕಳೆದ ತಿಂಗಳು ಎಡ ಟ್ಯೂಬಿಗೆ ಕಲ್ಲು ಬಡಿದು ಗಾಳಿಯೆಲ್ಲ ಹೋಯಿತು. ಗಾಡಿ ಸ್ವಲ್ಪ ತಗ್ಗಿತು, ಹೊರೆ ಇರಲಿಲ್ಲವಾದ್ದರಿಂದ ನಿಧಾನವಾಗಿ ಓಡಿಸಿಕೊಂಡು ಮನೆಗೆ ಬಂದು, ಟ್ಯೂಬಿನ ತುಂಡನ್ನು ಬದಲಿಸಿ, 10 ಪಿಎಸ್‌ಐ ತುಂಬಿದೆ.