ಎಲ್ ಬೋರ್ಡಿನ ಹಿಂದೆ ಬೆಳಗ್ಗೆ ಎಂಟೂವರೆಗೆ: ತುಮಕೂರಿನ ಡ್ರೈವಿಂಗ್ ಸ್ಕೂಲ್ ಪ್ಯಾಕೇಜಿಗೆ ಎಷ್ಟು ಸ್ಟಾರ್?

ಡ್ರೈವಿಂಗ್ ಸ್ಕೂಲ್ ಹೇಗಿದೆ ಎಂದು ಕಲಿತು ಮುಗಿಸಿದವರನ್ನು ಕೇಳುವುದು ವಾಡಿಕೆ. ಉತ್ತರವೂ ಗೊತ್ತಿದ್ದದ್ದೇ: ಮಾಸ್ಟ್ರು ಒಳ್ಳೆಯವರು, ಬೈಯಲ್ಲ, ಡಿಎಲ್ ಬಂತು. ಅದೇ ಕಾರಿನ ಹಿಂದೆ ಬಿ.ಎಚ್. ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ರೈಲು ತಪ್ಪೀತೆಂದು ಗಡಿಯಾರ ನೋಡುವವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಎಷ್ಟು ಕಲಿಸಿದ್ದಾರೆ, ಎಷ್ಟು ಕಲಿಸದೆ ರಸ್ತೆಗೆ ಬಿಟ್ಟಿದ್ದಾರೆ ಎಂಬುದು ಮೊದಲು ಕಾಣುವುದು ಅವರಿಗೇ. ಈ ವಿಮರ್ಶೆ ಆ ಕಡೆಯಿಂದ ನೋಡಿ ಬರೆದದ್ದು. ಯಾವುದೋ ಒಂದು ಸ್ಕೂಲಿನದಲ್ಲ. ಊರಲ್ಲಿ ಸಾಮಾನ್ಯವಾಗಿ ಸಿಗುವ ಕಾರ್ ಪ್ಯಾಕೇಜಿನದು.

ಮೊದಲು ದುಡ್ಡಿನ ಮಾತು. ರಾಜ್ಯದಲ್ಲಿ ಕಾರು ಕಲಿಕೆಯ ಶುಲ್ಕ 2024ರ ಜನವರಿಯಿಂದ 4000ದಿಂದ 7000 ರೂಪಾಯಿಗೆ ಏರಿತು. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್), ಡಿಎಲ್ ಖರ್ಚು ಬೇರೆ. ಇದಕ್ಕೆ ಪ್ರತಿಯಾಗಿ ಏನು ಸಿಗಬೇಕು ಎಂಬುದನ್ನು ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಸ್ಪಷ್ಟವಾಗಿ ಹೇಳಿವೆ: ಸ್ವಂತ ಬಳಕೆಯ ಲಘು ವಾಹನಕ್ಕೆ ಕನಿಷ್ಠ 21 ದಿನದ ತರಬೇತಿ, ಅದರಲ್ಲಿ ಸ್ಟೇರಿಂಗ್ ಹಿಡಿದು ಓಡಿಸುವುದು ಕನಿಷ್ಠ 10 ಗಂಟೆ. ದಿನಕ್ಕೆ ಅರ್ಧ ಗಂಟೆ ಎಂದರೆ 21 ದಿನಕ್ಕೆ ಹತ್ತೂವರೆ ಗಂಟೆ, ಲೆಕ್ಕ ಸರಿಯಾಯಿತು. ಆದರೆ ಆ ಅರ್ಧ ಗಂಟೆಯಲ್ಲೇ ಮುಂದಿನವರನ್ನು ಮನೆ ಬಾಗಿಲಿಂದ ಹತ್ತಿಸಿಕೊಳ್ಳಬೇಕು, ಹಿಂದಿನವರನ್ನು ಕಾಲೇಜಿಗೆ ಬಿಡಬೇಕು, ಪೆಟ್ರೋಲ್ ಬಂಕಿಗೂ ಹೋಗಬೇಕು ಎಂದಾದರೆ ಕೈಗೆ ದಕ್ಕುವುದು ಇಪ್ಪತ್ತೇ ನಿಮಿಷ. ಆಗ 21 ದಿನಕ್ಕೆ ಏಳು ಗಂಟೆ. ಕಡಿಮೆಯಾದ ಆ ಮೂರೂವರೆ ಗಂಟೆಯನ್ನು ಆಮೇಲೆ ಸಿಗ್ನಲ್‌ನಲ್ಲಿ ಹಿಂದಿನವರೆಲ್ಲ ಹಂಚಿಕೊಂಡು ಕಟ್ಟುತ್ತಾರೆ. ತರಬೇತಿಯ ಗಂಟೆಗಳನ್ನು ಬರೆದಿಡುವ ದಾಖಲೆ ಸ್ಕೂಲಿನಲ್ಲಿ ಇರಲೇಬೇಕು. ಸೇರುವ ದಿನವೇ ಅದನ್ನು ಕೇಳಿ ನೋಡಿ, ದಿನಾ ನಿಮ್ಮ ನಿಮಿಷಗಳನ್ನು ನೀವೂ ಬರೆದಿಡಿ. ಸಮಯದ ವಿಷಯದಲ್ಲಿ ಐದಕ್ಕೆ ಎರಡು.

ಈಗ ಕ್ಲಚ್. ಹಿಂದಿನವರು ಪಡುವ ಪಾಡೆಲ್ಲ ಶುರುವಾಗುವುದು ಇಲ್ಲಿಂದ.

ಭದ್ರಮ್ಮ ವೃತ್ತದಲ್ಲಿ ಹಸಿರು ಬಿತ್ತು ಅನ್ನಿ. ಮುಂದಿನ ಎಲ್ ಬೋರ್ಡ್ ಕಾರು ಎರಡು ಸಲ ಮುಗ್ಗರಿಸಿ, ಗಡಗಡ ನಡುಗಿ ಆಫ್ ಆಗುತ್ತದೆ. ಕಾರಣ ಒಂದೇ: ಗಾಡಿ ಎಳೆಯಲು ಶುರು ಮಾಡುವ ಬಿಂದುವಿಗೆ ಪೆಡಲ್ ಬಂದಾಗ ಕಾಲನ್ನು ಅಲ್ಲೇ ಒಂದೆರಡು ಸೆಕೆಂಡ್ ತಡೆಯದೆ ಪೂರ್ತಿ ಬಿಟ್ಟದ್ದು. ಮತ್ತೆ ಹೊರಡಲು ಕ್ಲಚ್ ಮತ್ತು ಬ್ರೇಕ್ ಪೂರ್ತಿ ಒತ್ತಬೇಕು, ನ್ಯೂಟ್ರಲ್‌ಗೆ ತರಬೇಕು, ಕೀ ತಿರುಗಿಸಬೇಕು, ಮೊದಲ ಗೇರ್ ಹಾಕಬೇಕು, ನಿಧಾನವಾಗಿ ಕ್ಲಚ್ ಬಿಡಬೇಕು. ಕೈ ಪಳಗಿದವರಿಗೆ ನಾಲ್ಕು ಸೆಕೆಂಡಿನ ಕೆಲಸ, ಹೊಸಬರಿಗೆ ಹತ್ತು. ಹಿಂದಿನಿಂದ ಹಾರ್ನ್ ಬಿದ್ದರೆ ನ್ಯೂಟ್ರಲ್ ಮರೆತುಹೋಗುತ್ತದೆ. ಗೇರ್‌ನಲ್ಲೇ ಕೀ ತಿರುಗಿಸಿ, ಕ್ಲಚ್‌ನಿಂದ ಕಾಲೂ ಜಾರಿದರೆ ಗಾಡಿ ಮುಂದಕ್ಕೆ ಜಿಗಿದು ಮತ್ತೆ ಆಫ್. ಅಂದರೆ ಹತ್ತು ಸೆಕೆಂಡನ್ನು ಇಪ್ಪತ್ತು ಮಾಡುವುದು ಹಾರ್ನ್ ಹೊಡೆದವರೇ.

ಇಷ್ಟು ದಿನ ಮಾಸ್ಟ್ರ ಪಕ್ಕದಲ್ಲಿ ಆಫ್ ಆಗದ ಗಾಡಿ ಈಗೇಕೆ ಆಗುತ್ತದೆ? ಸ್ಕೂಲಿನ ಕಾರಿನಲ್ಲಿ ಮಾಸ್ಟ್ರ ಕಡೆಗೂ ಪೆಡಲ್ ಇರುತ್ತದೆ, ಇರಲೇಬೇಕು. ಅದು ಕೇಬಲ್ ಅಥವಾ ರಾಡಿನಿಂದ ನಿಮ್ಮ ಪೆಡಲ್‌ಗೆ ಸೇರಿರುತ್ತದೆ. ಅವರು ಒತ್ತಿದರೆ ನಿಮ್ಮ ಕಾಲಡಿಯ ಪೆಡಲ್ ತಾನಾಗಿಯೇ ಕೆಳಗಿಳಿಯುತ್ತದೆ. ಎರಡನೇ ವಾರದ ಮೇಲೂ ಹಾಗೆ ಇಳಿಯುತ್ತಿದ್ದರೆ ಕ್ಲಚ್ ತುಳಿಯುತ್ತಿರುವುದು ನೀವಲ್ಲ ಎಂದೇ ಲೆಕ್ಕ. "ಸರ್, ಇವತ್ತು ಕಾಲು ಹಿಂದಿಟ್ಟುಕೊಳ್ಳಿ, ಬ್ರೇಕ್ ಬೇಕಾದರೆ ಮಾತ್ರ ಒತ್ತಿ" ಎಂದು ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಮಾಸ್ಟ್ರು ಕೇಳುವ ಮೊದಲೇ ಹಾಗೆ ಮಾಡಿರುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ದಿನವಿಡೀ ಹಾಫ್ ಕ್ಲಚ್‌ನಲ್ಲಿ, ಅಂದರೆ ಪೆಡಲನ್ನು ಅರ್ಧ ಒತ್ತಿಕೊಂಡೇ ಓಡುವ ಸ್ಕೂಲ್ ಕಾರಿನ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಕೇಬಲ್ ಕ್ಲಚ್ ಆಗಿದ್ದು ಸಕಾಲಕ್ಕೆ ಅಡ್ಜಸ್ಟ್ ಮಾಡಿಸದಿದ್ದರೆ ಗಾಡಿ ಎಳೆಯುವ ಬಿಂದು ಮೇಲಕ್ಕೆ ಸರಿದು, ಪೆಡಲನ್ನು ಮುಕ್ಕಾಲು ಭಾಗ ಬಿಟ್ಟ ಮೇಲಷ್ಟೇ ಗಾಡಿ ಅಲುಗುತ್ತದೆ. ಕಾಲು ಅದಕ್ಕೇ ಒಗ್ಗಿಹೋಗುತ್ತದೆ. ಮನೆಯ ಹೊಸ ಕಾರಿನಲ್ಲಿ ಅದು ಕೆಳಗೇ ಸಿಕ್ಕಾಗ ಗಾಡಿ ಜಿಗಿಯದೆ ಇರುತ್ತದೆಯೇ? ಡಿಎಲ್ ಬಂದ ಮೊದಲ ವಾರ ಗಾಡಿ ಆಫ್ ಆಗುವುದಕ್ಕೆ ದಡ್ಡತನಕ್ಕಿಂತ ಇದೇ ದೊಡ್ಡ ಕಾರಣ. ಮದ್ದು ಸುಲಭ: ಖಾಲಿ, ಸಮತಟ್ಟಾದ ಜಾಗದಲ್ಲಿ ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್ ಬಿಟ್ಟು ಗಾಡಿ ಸರಿಸುವುದನ್ನು ಇಪ್ಪತ್ತು ಸಲ ಮಾಡಿ.

ಏರಿನ ಪಾಠಕ್ಕೆ ಉಪ್ಪಾರಹಳ್ಳಿ ಮೇಲ್ಸೇತುವೆಗಿಂತ ಒಳ್ಳೆಯ ಜಾಗ ಊರೊಳಗೆ ಹುಡುಕಬೇಕು. ಹೊತ್ತು ಮಾತ್ರ ಬೆಳಗ್ಗೆ ಆರೂವರೆಯೊಳಗೆ ಇರಲಿ. ಏರಿನಲ್ಲಿ ನಿಂತವರು ಹ್ಯಾಂಡ್‌ಬ್ರೇಕ್ ಎಳೆದೇ ಇರಬೇಕು. ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಎಂಜಿನ್ ಸದ್ದು ಭಾರವಾಗಿ ಗಾಡಿ ಸಣ್ಣಗೆ ನಡುಗುವವರೆಗೆ ಕ್ಲಚ್ ಬಿಟ್ಟು, ಆಗ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಇದನ್ನು ಬಿಟ್ಟು, ಬ್ರೇಕಿನಿಂದ ಆಕ್ಸಿಲರೇಟರ್‌ಗೆ ಕಾಲು ಬೇಗ ಹಾರಿಸುವುದನ್ನಷ್ಟೇ ಹೇಳಿಕೊಟ್ಟರೆ ಗಾಡಿ ಒಂದು ಮೀಟರ್ ಹಿಂದಕ್ಕೆ ಜಾರುವುದು ಖಂಡಿತ. ಆ ಒಂದು ಮೀಟರ್ ಒಳಗೇ ನಮ್ಮ ಆಟೋಗಳು ಮೂಗು ತೂರಿಸಿ ನಿಂತಿರುತ್ತವೆ. ಹಿಂದೆ ನಿಲ್ಲುವವರು ಏರಿನಲ್ಲಿ ಪೂರ್ತಿ ಒಂದು ಕಾರಿನ ಉದ್ದ ಜಾಗ ಬಿಡಬೇಕು. ಮುಂದಿನ ಕಾರಿನ ಹಿಂಚಕ್ರ ನೆಲ ಮುಟ್ಟಿರುವುದು ನಿಮ್ಮ ಸೀಟಿನಿಂದ ಕಾಣುತ್ತಿದ್ದರೆ ಅಷ್ಟು ಜಾಗ ಸಾಕು. ಸ್ಕೂಟರಿನವರು ನೇರ ಹಿಂದೆ ನಿಲ್ಲದೆ, ಆ ಕಾರಿನ ಬಲಗನ್ನಡಿಯಲ್ಲಿ ಓಡಿಸುವವರ ಮುಖ ಕಾಣುವಂತೆ ಒಂದು ಪಕ್ಕಕ್ಕೆ ನಿಲ್ಲಲಿ.

ಕನ್ನಡಿ ಪಾಠಕ್ಕೆ ಐದಕ್ಕೆ ಒಂದೇ. ಕಾರಿನ ಇಂಡಿಕೇಟರ್ ಮಿಣುಕುತ್ತದೆ, ಓಡಿಸುವವರ ತಲೆ ತಿರುಗುವುದಿಲ್ಲ. ಎಡಗಡೆ ಯಾರಿದ್ದಾರೆಂದು ನೋಡಿ ಹೇಳುವವರು ಮಾಸ್ಟ್ರೇ. ಹಾಗಾಗಿ ಎಲ್ ಬೋರ್ಡ್ ಕಾರನ್ನು ಎಡದಿಂದ ಓವರ್‌ಟೇಕ್ ಮಾಡಲೇಬೇಡಿ. ಟೌನ್‌ಹಾಲ್ ಕಡೆ ಬಸ್ಸು ನಿಂತಿದ್ದಾಗ ಅವರು ಒಮ್ಮೆಲೇ ಎಡಕ್ಕೆ ಎಳೆದುಕೊಳ್ಳುವುದೂ ಉಂಟು.

ಮೂರು ವಾರವನ್ನು ಹೀಗೆ ಹಂಚಬೇಕು. ಮೊದಲ ವಾರ ಬಡಾವಣೆಯ ಒಳರಸ್ತೆ, ಕ್ಲಚ್ ಮತ್ತು ಸ್ಟೇರಿಂಗ್ ಮಾತ್ರ. ಎರಡನೇ ವಾರ ರಿಂಗ್ ರಸ್ತೆ, ಮೂರು ಮತ್ತು ನಾಲ್ಕನೇ ಗೇರ್, ಲಾರಿ ಪಕ್ಕದಲ್ಲಿ ಹೋದಾಗ ಸ್ಟೇರಿಂಗ್ ಅಲುಗಿಸದಿರುವುದು. ಮೂರನೇ ವಾರ ಬಿ.ಎಚ್. ರಸ್ತೆ: ಮೊದಲು ಮಧ್ಯಾಹ್ನ, ಕೊನೆಯ ಎರಡು ದಿನ ಬೆಳಗ್ಗೆ. ಮೂರನೇ ದಿನವೇ ಎಂಟೂವರೆಯ ಗದ್ದಲಕ್ಕೆ ತಂದರೆ, ಕಲಿಯುವವರು ಕಲಿಯುವುದು ಮಾಸ್ಟ್ರ ಮಾತಿನಂತೆ ಕಾಲು ಎತ್ತುವುದನ್ನಷ್ಟೇ. ಧೈರ್ಯ ಬರಲಿ ಅಂತ ತಂದೆವು ಎನ್ನುತ್ತಾರೆ; ಬರುವುದು ಬೆವರು. ಸ್ಕೂಲ್ ವ್ಯಾನು, ಕಾರ್ಖಾನೆ ಬಸ್ಸು, ಬೆಂಗಳೂರು ರೈಲಿಗೆ ಓಡುವವರು ಎಲ್ಲ ಸೇರುವ ಹೊತ್ತು ಪಾಠದ ಹೊತ್ತಲ್ಲ. ಆದರೆ ಕೊನೆಯ ವಾರದಲ್ಲೂ ಆ ಹೊತ್ತನ್ನು ತೋರಿಸದ ಸ್ಕೂಲೂ ಬೇಡ, ಏಕೆಂದರೆ ಡಿಎಲ್ ಬಂದ ಮಾರನೆಯ ದಿನ ಅವರು ಒಬ್ಬರೇ ಬರುವುದು ಅದೇ ಹೊತ್ತಿಗೆ.

ಬೋರ್ಡಿನ ಬಗ್ಗೆ. ಬಿಳಿಯ ಮೇಲೆ ಕೆಂಪು ಎಲ್, ಕಾರಿನ ಮುಂದೂ ಹಿಂದೂ ಇರಬೇಕು; ಫಲಕ 18 ಸೆಂ.ಮೀ. ಚೌಕ, ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಇದು ಕನಿಷ್ಠ ಅಳತೆ. ಸ್ಕೂಲಿನ ಕಾರುಗಳಲ್ಲಿ ಇದು ಸರಿಯಾಗೇ ಇರುತ್ತದೆ, ನಾಲ್ಕು ಸ್ಟಾರ್ ಕೊಡಬಹುದು. ತೊಂದರೆ ಇರುವುದು ಮನೆಯ ಕಾರುಗಳದು: ಹಿಂಗಾಜಿನ ಮೂಲೆಯಲ್ಲಿ ಅಂಗೈ ಅಗಲದ ಸ್ಟಿಕ್ಕರ್, ಪಕ್ಕದ ಸೀಟಿನಲ್ಲಿ ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟುಕೊಂಡ ಅಪ್ಪ. ಡಿಎಲ್ ಬಂದು ಎರಡು ವರ್ಷವಾದರೂ ಸ್ಟಿಕ್ಕರ್ ಕೀಳದವರೂ ಇದ್ದಾರೆ. ಎಂಬತ್ತರ ವೇಗದಲ್ಲಿ ಎಲ್ ಬೋರ್ಡ್ ಓಡುವುದನ್ನು ಬೈಪಾಸಿನಲ್ಲಿ ನೋಡಿದವರು, ಮಾರನೆಯ ದಿನ ಭದ್ರಮ್ಮ ವೃತ್ತದಲ್ಲಿ ನಿಜವಾದ ಎಲ್ ಬೋರ್ಡಿಗೆ ಜಾಗ ಬಿಡುವುದಿಲ್ಲ.

ಒಟ್ಟು ಪ್ಯಾಕೇಜಿಗೆ ಐದಕ್ಕೆ ಎರಡೂವರೆ. ಸೇರುವುದಾದರೆ ಬೆಳಗ್ಗೆ ಆರರಿಂದ ಏಳರ ಸ್ಲಾಟ್ ಕೇಳಿ. ಆ ಹೊತ್ತಿಗೆ ಬೇಡಿಕೆ ಜಾಸ್ತಿ, ಒಂದು ವಾರ ಕಾಯಬೇಕಾದೀತು, ಕಾಯಿರಿ. ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ, ಡಿಎಲ್ ಟೆಸ್ಟಿಗೂ ಹೇಗಿದ್ದರೂ 30 ದಿನ ಕಳೆಯಬೇಕು.