ಸತ್ತ ಜಿಂಕೆಯ ಮಾದರಿ: ಐಸ್‌ಗೋ, ಫಾರ್ಮಲಿನ್‌ಗೋ?
ಜಗಳೂರಿಗೆ ಹೊಸದಾಗಿ ಬಂದ ಪಶುವೈದ್ಯ ಹುಡುಗ ಕೇಳಿದ: ‘ಸರ್, ಜಿಂಕೆಗಳ ಸಿಡಬ್ಲ್ಯುಡಿ ಪರೀಕ್ಷೆಗೆ ಎಲೈಸಾ ಒಳ್ಳೇದೋ, ಐಎಚ್‌ಸಿಯೋ?’ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿನ ರಂಗಯ್ಯನದುರ್ಗ ಅಭಯಾರಣ್ಯದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಜಿಂಕೆಯಲ್ಲ. ಸಿಡಬ್ಲ್ಯುಡಿ ಅಂದರೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಪ್ರಿಯಾನ್ ಎಂಬ ಕೆಟ್ಟ ರೂಪ ತಾಳಿದ ಪ್ರೋಟೀನ್ ಮಿದುಳನ್ನು ಹಾಳುಮಾಡುವ ರೋಗ. ಇದು ಜಿಂಕೆ ಕುಲದ್ದು, 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡದ್ದು.

ಎಲೈಸಾ ಅಂದರೆ ಅಂಗಾಂಶವನ್ನು ಅರೆದು ಬಣ್ಣದ ಬದಲಾವಣೆಯಿಂದ ಪ್ರಿಯಾನ್ ಪತ್ತೆ ಮಾಡುವುದು; ಐಎಚ್‌ಸಿ ಅಂದರೆ ಅಂಗಾಂಶದ ತೆಳು ಹೋಳಿಗೆ ಬಣ್ಣ ಹಾಕಿ ನೋಡುವುದು. ವೇಗ, ಖರ್ಚು ನೋಡಿದರೆ ಎಲೈಸಾ. ಅಮೆರಿಕದಲ್ಲಿ ಬೇಟೆಗಾರರು ರಾಶಿರಾಶಿ ತಲೆ ತಂದುಕೊಡುವಾಗ ಅದೇ ಸರಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆಯೇ ಇಲ್ಲ. ಸಿಗುವುದು ರಸ್ತೆಯಲ್ಲಿ ಸತ್ತ ಒಂದೋ ಎರಡೋ.

ಮಾದರಿ ಕೆಡುವುದೇ ದೊಡ್ಡ ತಲೆನೋವು. ಎಲೈಸಾಕ್ಕೆ ಹಸಿ ಅಂಗಾಂಶ ಬೇಕು. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಐಸ್ ಡಬ್ಬಿ ಮಧ್ಯಾಹ್ನಕ್ಕೇ ನೀರು. ಐಎಚ್‌ಸಿಗೆ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಬಾಟಲಿ ಜೀಪಿನಲ್ಲಿ ವಾರವಿದ್ದರೂ ಆದೀತು. ಫಲಿತಾಂಶ ನಿಧಾನ, ಆದರೆ ಪ್ರಿಯಾನ್ ಎಲ್ಲಿ ಕೂತಿದೆಯೆಂದು ಸೂಕ್ಷ್ಮದರ್ಶಕದಲ್ಲೇ ಕಾಣುತ್ತದೆ. ಫಾರ್ಮಲಿನ್ ಪ್ರಿಯಾನನ್ನು ಕೊಲ್ಲುವುದಿಲ್ಲ, ಗ್ಲೌಸ್ ತೆಗೆಯಬೇಡ.

ಜೀವಂತ ಜಿಂಕೆಯಾದರೆ ಆರ್‌ಟಿ-ಕ್ವಿಕ್, ಅಂದರೆ ಒಂದಿಷ್ಟೇ ಪ್ರಿಯಾನನ್ನೂ ಲ್ಯಾಬಿನಲ್ಲಿ ಹೆಚ್ಚಿಸಿ ಪತ್ತೆ ಮಾಡುವ ಪರೀಕ್ಷೆ; ಕಿವಿಯ ಚೂರಿನಲ್ಲೂ ಹಿಡಿಯಬಲ್ಲದು. ಪಳಗಿದ ಲ್ಯಾಬ್ ಬೇಕು.

ದಾರಿ ದೂರವಿದ್ದರೆ ನಾನು ಫಾರ್ಮಲಿನ್ ಹಿಡಿಯುತ್ತೇನೆ, ಲ್ಯಾಬ್ ಹತ್ತಿರವಿದ್ದು ಸಂಖ್ಯೆ ಹೆಚ್ಚಿದ್ದರೆ ಐಸ್. ಅನುಮಾನವಿದ್ದಾಗ ಗಂಟಲ ಹಿಂದಿನ ದುಗ್ಧರಸ ಗ್ರಂಥಿಯನ್ನು (ಲಿಂಫ್ ನೋಡ್) ಸೀಳಿ ಅರ್ಧ ಅದಕ್ಕೆ, ಅರ್ಧ ಇದಕ್ಕೆ.