ಬಾಯೊಳಗಿನ ನರುಳ್ಳೆ: ಕಾಯುವುದಾ, ಪೂರ್ತಿ ತೆಗೆಸುವುದಾ, ಚೂರು ತೆಗೆದು ಬಯಾಪ್ಸಿ ಮಾಡಿಸುವುದಾ?

ಬಣ್ಣ, ನೋವು ನೋಡಿ ತೀರ್ಮಾನ ಮಾಡಬೇಡಿ. ನಿರುಪದ್ರವಿ ನರುಳ್ಳೆಯಾದ ಪ್ಯಾಪಿಲೋಮಾ, ನರುಳ್ಳೆಯ ಹಾಗೇ ಕಾಣುವ ಕ್ಯಾನ್ಸರ್ ವೆರುಕಸ್ ಕಾರ್ಸಿನೋಮಾ ಎರಡೂ ಬೆಳ್ಳಗಿರಬಹುದು, ಎರಡೂ ನೋಯದೇ ಇರಬಹುದು.

ಬುಡ ನೋಡಿ. ಪ್ಯಾಪಿಲೋಮಾ ಹೆಚ್ಚಾಗಿ ಸಣ್ಣ ತೊಟ್ಟಿನ ಮೇಲೆ ಹೂಕೋಸಿನ ಹಾಗೆ ನಿಂತಿರುತ್ತದೆ, ಅಂಗುಳಲ್ಲೋ ನಾಲಿಗೆಯಲ್ಲೋ ಅರ್ಧ ಸೆಂ.ಮೀ. ಆಸುಪಾಸು ಬೆಳೆದು ನಿಲ್ಲುತ್ತದೆ. ಇದಾದರೆ ಬುಡಸಮೇತ ಪೂರ್ತಿ ತೆಗೆಸುವುದೇ ಸುಲಭ, ಮರಗಟ್ಟುವ ಇಂಜೆಕ್ಷನ್ ಸಾಕು, ಮತ್ತೆ ಬರುವುದು ಅಪರೂಪ. ತೆಗೆದದ್ದನ್ನು ಲ್ಯಾಬ್‌ಗೆ ಕಳಿಸಲೇಬೇಕು.

ವೆರುಕಸ್ ಕಾರ್ಸಿನೋಮಾ ಅಗಲವಾಗಿ ಕೂರುತ್ತದೆ. ಕೆನ್ನೆಯ ಒಳಗೆ, ಕೆಳವಸಡಿನ ಹತ್ತಿರ, ಹೊಗೆಸೊಪ್ಪು ಅಥವಾ ಗುಟ್ಕಾ ಒತ್ತಿಟ್ಟುಕೊಳ್ಳುವ ಜಾಗದಲ್ಲೇ ಜಾಸ್ತಿ. ತುಂಬಾ ನಿಧಾನವಾಗಿ ಬೆಳೆಯುವುದರಿಂದ ಜನ ಸುಮ್ನೆ ಇದ್ದುಬಿಡುತ್ತಾರೆ, ಅದೇ ಅಪಾಯ. ಇಲ್ಲಿ ಮೊದಲು ಬಯಾಪ್ಸಿ, ಅದೂ ಆಳವಾಗಿ. ಮೇಲ್ಪದರ ಮಾತ್ರ ತೆಗೆದರೆ ಸೂಕ್ಷ್ಮದರ್ಶಕದಲ್ಲೂ ಜೀವಕೋಶಗಳು ಸಾಧುವಾಗೇ ಕಾಣುತ್ತವೆ, ಬುಡ ಒಳಗೆ ತಳ್ಳಿಕೊಂಡು ಹೋಗಿರುವುದು ತಿಳಿಯುವುದೇ ಇಲ್ಲ. ರಿಪೋರ್ಟ್ ಏನೂ ಇಲ್ಲ ಎಂದರೂ ಗಂಟು ಬೆಳೆಯುತ್ತಿದ್ದರೆ ಇನ್ನೊಮ್ಮೆ ಮಾಡಿಸಿ.

ಕಾಯುವುದು? ಚೂಪಾದ ಹಲ್ಲೋ ಕಟ್ಟಿಸಿದ ಹಲ್ಲಿನ ಸೆಟ್ಟೋ ಉಜ್ಜಿ ಆಗಿದೆ ಅನ್ನಿಸಿದರೆ ಮಾತ್ರ. ಅದನ್ನು ಸರಿಮಾಡಿಸಿ ಎರಡು ವಾರ ನೋಡಿ, ಕರಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ಅಷ್ಟೂ ಕಾಯಬೇಡಿ.